‘ಬಿಡು’ ಎಂಬ ಗುಂಡಿಯನ್ನು ಬಾಯಿಂದ ಒತ್ತಿದವರಿಗೆ

ನಾಲ್ಕು ತಾಲೂಕುಗಳ ವಿದ್ಯಾರ್ಥಿ ರೋಬೋಟ್ ಸ್ಪರ್ಧೆಯ ತೀರ್ಪು ಸಮಿತಿಯ ಮಾನ್ಯ ಅಧ್ಯಕ್ಷರೇ,

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸಮಸ್ತ ಕೆರೆ, ಬಾವಿ, ಕಾಲುವೆ ಮತ್ತು ಕೃಷಿಹೊಂಡಗಳ ಪರವಾಗಿ ತಮಗೆ ಶರಣು ಶರಣಾರ್ಥಿ. ಕಳೆದ ರವಿವಾರ ಮನಗೂಳಿಯ ಹೊಲವೊಂದರ ಕೃಷಿಹೊಂಡದ ದಂಡೆಯಲ್ಲಿ ನಿಂತು, ಒಂದೇ ಒಂದು ಶಬ್ದದಿಂದ ತಾವು ಆರು ತಿಂಗಳ ದುಡಿಮೆಯನ್ನು ಹನ್ನೆರಡು ಅಡಿ ನೀರಿನ ತಳಕ್ಕೆ ಕಳಿಸಿದಿರಿ. ತಂತಿಯಿಲ್ಲದೆ, ಬ್ಯಾಟರಿಯಿಲ್ಲದೆ ಅಷ್ಟು ಆಳಕ್ಕೆ ಕೆಲಸ ಮಾಡಿದ ಯಂತ್ರ ಅಂದು ತಮ್ಮ ಗಂಟಲೊಂದೇ ಆದ್ದರಿಂದ ಮೊದಲ ಬಹುಮಾನ ತಮಗೇ ಸಲ್ಲಬೇಕಿತ್ತು ಎಂಬುದು ನನ್ನ ವಿನಮ್ರ ಅಭಿಪ್ರಾಯ.

ದೊಡ್ಡವರಿಗೆ ಸಣ್ಣವರ ಹೆಸರು ನೆನಪಿರುವುದಿಲ್ಲವಾದ್ದರಿಂದ ಮತ್ತೆ ಹೇಳುತ್ತೇನೆ. ಸುರೇಖಾ ಮತ್ತು ದುರ್ಗವ್ವ ಅಗರಖೇಡದವರು, ಪಿಯುಸಿ ಎರಡನೇ ವರ್ಷದಲ್ಲಿ ಓದುವವರು. ನೀರಿನೊಳಗೆ ಇಳಿದು ವಸ್ತು ಎತ್ತಿ ತರುವ ಪುಟ್ಟ ರೋಬೋಟನ್ನೂ, ಅದನ್ನು ದಂಡೆಯಿಂದ ನಡೆಸುವ ಕೈಡಬ್ಬಿಯನ್ನೂ ಝಳಕಿಯ ನನ್ನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೂತು ಕಟ್ಟಿದರು. ಬೆಸುಗೆ ಮಾತ್ರ ನನ್ನದು, ಬುದ್ಧಿಯೆಲ್ಲ ಅವರದು. ಮೊದಲ ಡಬ್ಬಿಯನ್ನು ನಾನು ಹಳೆಯ ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಮಾಡಿಕೊಟ್ಟಾಗ ಸುರೇಖಾ ಅದನ್ನು ಎರಡು ನಿಮಿಷ ಕೈಯಲ್ಲಿ ಹೊತ್ತು ನಿಂತು, “ಕಾಕಾ, ಇದನ್ನ ಹಿಡಕೊಳ್ಳಾಕ ಇನ್ನೊಂದು ರೋಬೋಟ್ ಬೇಕಾಗತೈತ್ರಿ” ಎಂದು ನನ್ನ ಮೂವತ್ತು ವರ್ಷದ ಅನುಭವವನ್ನು ಕೆಳಗಿಳಿಸಿದಳು. ಆಮೇಲೆ ತನ್ನ ಗೇಣಿನಿಂದ ಅಳೆದು, ರೊಟ್ಟಿ ಒಯ್ಯುವ ಪ್ಲಾಸ್ಟಿಕ್ ಡಬ್ಬಿಯನ್ನು ಆರಿಸಿ, ಒದ್ದೆ ಕೈಗೆ ಜಾರದಂತೆ ಸೈಕಲ್ ಟ್ಯೂಬು ಸುತ್ತಿ, ಮನೆಬಾಗಿಲ ಗಂಟೆಗೆ ಹಾಕುವ ಗುಂಡಿಗಳನ್ನು ಕೂಡಿಸಿದಳು. ದುರ್ಗವ್ವ ಉಗುರಿನ ಬಣ್ಣದಲ್ಲಿ ಅವುಗಳ ಮೇಲೆ ಮುಂದ, ಹಿಂದ, ಮ್ಯಾಲ, ತೆಳಗ, ಹಿಡಿ, ಬಿಡು ಎಂದು ಬರೆದಳು. ಹಿಡಿ ಎಡ ಹೆಬ್ಬೆರಳಿಗೆ, ಬಿಡು ಬಲ ಹೆಬ್ಬೆರಳಿಗೆ. ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತುವ ಮಾತೇ ಬರಬಾರದೆಂದು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ ಡಬ್ಬಿ ಅದು.

ಇನ್ನು ಆ ಶುಭಗಳಿಗೆಯ ವಿಷಯ. ಎತ್ತಿ ತರಲೆಂದೇ ಸಮಿತಿ ತಳಕ್ಕೆ ಮುಳುಗಿಸಿದ್ದ ಹಿತ್ತಾಳೆ ಬಿಂದಿಗೆಯನ್ನು ಕಂಠಕ್ಕೆ ಹಿಡಿದು ರೋಬೋಟ್ ಮೇಲೆ ಬರುತ್ತಿತ್ತು, ನೀರಿನ ಮೇಲ್ಮೈ ಇನ್ನೊಂದೇ ಮೊಳ ಇತ್ತು, ಗಡಿಯಾರದಲ್ಲಿ ಒಂದೂವರೆ ನಿಮಿಷ ಬಾಕಿಯಿತ್ತು, ಅತ್ತ ಶಾಮಿಯಾನದಲ್ಲಿ ಶೇಂಗಾ ಹೋಳಿಗೆ ಬಡಿಸುತ್ತಿದ್ದರು. ತಾವು ದಂಡೆಗೆ ಬಗ್ಗಿ, “ಆತು, ಸಾಕಿನ್ನ ಬಿಡವ್ವಾ, ಬಿಡು! ಊಟದ ಹೊತ್ತಾತು!” ಎಂದು ಗರ್ಜಿಸಿದಿರಿ. ಡಬ್ಬಿ ಹಿಡಿದಿದ್ದ ಸುರೇಖಾ ಹಿರಿಯರ ಮಾತು ಮೀರುವವಳಲ್ಲ. ಬಿಟ್ಟಳು.

ಬಿಂದಿಗೆ ತಳ ಸೇರಿತು. ತಾವು ಹೋಳಿಗೆ ಸೇರಿದಿರಿ. ಊಟದ ನಂತರ ಹೊರಬಿದ್ದ ತೀರ್ಪಿನಲ್ಲಿ, “ಡಬ್ಬಿಯ ಮೇಲಿನ ಬರಹ ಅವೈಜ್ಞಾನಿಕ, ಗುಂಡಿಗಳ ಹೆಸರು ಇಂಗ್ಲಿಷಿನಲ್ಲಿರತಕ್ಕದ್ದು, ಚಾಲಕಿ ಗೊಂದಲಕ್ಕೊಳಗಾಗಿದ್ದಾಳೆ, ಆದ್ದರಿಂದ ತಂಡ ರಾಜ್ಯಮಟ್ಟಕ್ಕೆ ಅನರ್ಹ” ಎಂದು ಬರೆದಿರಿ. ಕೂಗಿದ್ದು ಕನ್ನಡದಲ್ಲಿ, ಉಂಡಿದ್ದು ಕನ್ನಡದಲ್ಲಿ, ತಪ್ಪು ಮಾತ್ರ ಇಂಗ್ಲಿಷಿನಲ್ಲಿ ತಿದ್ದಿಕೊಳ್ಳಬೇಕೆಂಬ ಈ ವಿಜ್ಞಾನಕ್ಕೆ ನನ್ನ ದೀರ್ಘದಂಡ ನಮಸ್ಕಾರ. “ಗಡಬಡಿಯಾಗ ಇಂಗ್ಲಿಷ್ ಹುಡುಕ್ಕೋತ ಕುಂದ್ರಾಕ ಆಗತೈತೇನ್ರಿ?” ಎಂದು ದುರ್ಗವ್ವ ಕೇಳಿದಾಗ ಸಮಿತಿಯ ಐವರೂ ಎಲೆ-ಅಡಿಕೆಯ ತಟ್ಟೆಗೆ ಕೈ ಹಾಕಿದರು.

ಮಾನ್ಯರೇ, ಒಂದು ಮಾತನ್ನು ನೆಟ್ಟಗೆ ಹೇಳಿಬಿಡುತ್ತೇನೆ. ‘ಬಿಡು’ ನಮ್ಮ ಕೇರಿಗೆ ಹೊಸ ಶಬ್ದವಲ್ಲ. ದಾರಿ ಬಿಡು, ಬಾವಿಕಟ್ಟೆ ಬಿಡು, ಸರತಿ ಬಿಡು, ಓದಿದ್ದು ಸಾಕು ಸಾಲಿ ಬಿಡು ಎಂದು ಕೇಳಿ ಕೇಳಿಯೇ ನಮ್ಮ ಹೆಣ್ಣುಮಕ್ಕಳ ಕಿವಿ ಜಡ್ಡುಗಟ್ಟಿವೆ. ಆ ಶಬ್ದ ಸದಾ ಇನ್ನೊಬ್ಬರ ಬಾಯಲ್ಲಿರುತ್ತಿತ್ತು. ಈ ಇಬ್ಬರು ಅದನ್ನು ಅಲ್ಲಿಂದ ಕಿತ್ತು ತಂದು ತಮ್ಮ ಹೆಬ್ಬೆರಳ ಕೆಳಗೆ ಕೂಡಿಸಿಕೊಂಡಿದ್ದರು, ಯಾವಾಗ ಬಿಡಬೇಕೆಂದು ಸ್ವತಃ ತೀರ್ಮಾನಿಸಲು. ಒಂದೂವರೆ ನಿಮಿಷವಾದರೂ ತಾವು ಅದನ್ನು ಅಲ್ಲಿರಗೊಡಬಹುದಿತ್ತು.

ಆದಕಾರಣ ನಮ್ಮ ಬೇಡಿಕೆಗಳನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕು. ಡಬ್ಬಿಗೆ ಇಂಗ್ಲಿಷ್ ಕಲಿಸುವ ಮುನ್ನ ಬಿಂದಿಗೆಗೂ ಹೊಂಡದ ಕಪ್ಪೆಗಳಿಗೂ ಕಲಿಸಿ ಪ್ರಮಾಣಪತ್ರ ನೀಡಬೇಕು. ದಂಡೆಯಿಂದ ನೂರು ಅಡಿಯೊಳಗೆ ಗಣ್ಯರು ಉಚ್ಚರಿಸಬಹುದಾದ ಶಬ್ದಗಳ ಪಟ್ಟಿಯನ್ನು ಸರ್ಕಾರ ಹೊರಡಿಸಬೇಕು. ತಮ್ಮ ಅಂಗಿಗೂ ಐದು ಗುಂಡಿಗಳಿವೆ; ಅವುಗಳಲ್ಲೊಂದರ ಮೇಲೆ ‘ಸುಮ್ಮನಿರು’ ಎಂದು ಬರೆಯಲು ದುರ್ಗವ್ವ ಉಗುರಿನ ಬಣ್ಣದೊಂದಿಗೆ ಸಿದ್ಧಳಾಗಿದ್ದಾಳೆ, ಒತ್ತಲು ಜನರ ಕೊರತೆ ಬೀಳದು. ಇವು ಯಾವುವೂ ಆಗದಿದ್ದರೆ ಕೊನೆಯದೊಂದು ಆಗಲೇಬೇಕು: ತೀರ್ಪನ್ನು ರದ್ದುಮಾಡಿ, ಉಳಿದ ಒಂದೂವರೆ ನಿಮಿಷವನ್ನು ಸುರೇಖಾಳಿಗೆ ವಾಪಸ್ ಕೊಡಬೇಕು. ರಾಜ್ಯಮಟ್ಟದ ಸ್ಪರ್ಧೆ ಬರುವ ರವಿವಾರ ಇದೆ.

ತಮ್ಮ ಗಂಟಲಿಗೆ ದೀರ್ಘಾಯುಷ್ಯವನ್ನೂ ವಿಶ್ರಾಂತಿಯನ್ನೂ ಒಟ್ಟಿಗೇ ಕೋರುವ,

ತಮ್ಮ ವಿಶ್ವಾಸಿ,
ಯಲ್ಲಾಲಿಂಗ
ಮೋಟರ್ ವೈಂಡಿಂಗ್ ಅಂಗಡಿ, ಝಳಕಿ

ತಾಜಾಕಲಂ: ಪತ್ರವನ್ನು ಅಂಚೆಗೆ ಹಾಕುವಷ್ಟರಲ್ಲಿ ತಮ್ಮ ಸಮಿತಿಯ ಜವಾನ ಜೈನುದ್ದೀನ ಓಡೋಡಿ ಬಂದ. “ಯಲ್ಲಾಲಿಂಗಣ್ಣ, ಸಾಹೇಬ್ರು ಅವತ್ತ ಬಗ್ಗಿ ಒದರಿದಾಗ ಕಿಸೇದಾಗಿನ ಅಲಮಾರಿ ಚಾವಿ ಹೊಂಡಕ್ಕ ಬಿದ್ದೈತಂತ್ರಿ. ರಾಜ್ಯಮಟ್ಟಕ್ಕ ಹೋಗೋರ ಕಾಗದಪತ್ರ ಎಲ್ಲಾ ಅದರಾಗ ಅದಾವು. ಮ್ಯಾಗ್ನೆಟ್ ಬಿಟ್ಟು ನೋಡಿದ್ವಿ, ಹಿತ್ತಾಳಿ ಚಾವಿ, ಹತ್ತವಲ್ದು. ಹುಡುಗ್ಯಾರ್ನ ಕಳಸ್ರಿ” ಎಂದು ಕೈಮುಗಿದ. ಹೋಗಿದ್ದೆವು. ಇಂಗ್ಲಿಷ್ ಬಾರದ ಡಬ್ಬಿ ಮೂರೇ ನಿಮಿಷದಲ್ಲಿ ಚಾವಿ ಎತ್ತಿ ತಂದಿದೆ. ರೋಬೋಟ್ ದಂಡೆಯ ಮೇಲಿದೆ, ಚಾವಿ ಅದರ ಹಿಡಿತದಲ್ಲಿದೆ, ಸುರೇಖಾ ಡಬ್ಬಿ ಹಿಡಿದು ಕೂತಿದ್ದಾಳೆ; ಅವಳ ಮಾತನ್ನು ಇಲ್ಲೇ ಬರೆದು ಜೈನುದ್ದೀನನ ಕೈಲಿ ಕಳಿಸುತ್ತಿದ್ದೇನೆ: “ಹೋದ ಸಲ ಸಾಹೇಬ್ರು ಅಂದಿದ್ದಕ್ಕ ಬಿಟ್ಟೇನಿ, ಈ ಸಲಾನೂ ತೀರ್ಪು ತಿದ್ದಿಕೊಂಡು ಅವರೇ ಬಂದು ‘ಬಿಡು’ ಅನ್ಲಿ. ಇಂಗ್ಲಿಷಿನಾಗ ಹೇಳಿದ್ರ ಮಾತ್ರ ನನಗ ಗೊಂದಲ ಆಗತೈತ್ರಿ.”