ಕುಚ್ಚು ಮರಿ ಹಾಕಬೇಕಾ, ಬೇಡವಾ?

ಮನೆಯಲ್ಲಿ ಬ್ಲೌಸ್ ಹೊಲಿಯುವವಳು ನಗುವುದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ, ನಗು ತಾನಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಗಿರಾಕಿಗಳು ಎರಡು ನಿಮಿಷ ಅಳತೆ ಕೊಟ್ಟು ಇಪ್ಪತ್ತು ನಿಮಿಷ ಸಲಹೆ ಕೊಡುತ್ತಾರೆ. ವಿಜಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಮಿಷನ್ ತುಳಿಯುತ್ತಾ ನಾನು ಕೇಳಿರುವ ಸಲಹೆಗಳನ್ನು ಕೂಡಿಟ್ಟಿದ್ದರೆ ಒಂದು ಬೀರು ಸಾಲುತ್ತಿರಲಿಲ್ಲ. ಅದರಲ್ಲೂ ನಮ್ಮ ಕುಚ್ಚುವಿನ ವಿಷಯದಲ್ಲಿ ಬಂದಷ್ಟು ಸಲಹೆ ನನ್ನ ಮದುವೆಯಲ್ಲೂ ಬಂದಿರಲಿಲ್ಲ.

ಕುಚ್ಚು ನಮ್ಮ ನಾಯಿ. ಅರ್ಧ ಪಾಮೇರಿಯನ್, ಇನ್ನರ್ಧ ಏನೆಂದು ಆ ದೇವರೇ ಹೇಳಬೇಕು. ಮಲ್ಲತ್ತಹಳ್ಳಿಯಲ್ಲಿ ಯಾರೋ ಬಾಡಿಗೆ ಮನೆ ಖಾಲಿ ಮಾಡುವಾಗ ಅವಳನ್ನು ಜಗಲಿಯ ಮೇಲೇ ಬಿಟ್ಟು ಹೋಗಿದ್ದರಂತೆ. ಆ ಬೀದಿಯ ಗಿರಾಕಿಯೊಬ್ಬರು ನಾಲ್ಕು ಬ್ಲೌಸ್ ಪೀಸಿನ ಜೊತೆ ಅವಳನ್ನೂ ಕರೆದುಕೊಂಡು ಬಂದು, "ಬ್ಲೌಸ್ ಮುಂದಿನ ವಾರ ಕೊಡಿ ಆಂಟಿ, ಇವಳನ್ನ ಮಾತ್ರ ವಾಪಸ್ ಕೊಡ್ಬೇಡಿ" ಅಂದರು. ಆಗಲೇ ಬೆಳೆದ ನಾಯಿ. ಬಾಲ ಸೀರೆ ಸೆರಗಿಗೆ ಹಾಕುವ ಕುಚ್ಚಿನ ಹಾಗಿತ್ತು, ಅದೇ ಹೆಸರಾಯಿತು.

ಒಂದು ವರ್ಷ ಕಾಲ ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ ಒಂದೇ. ಕುಚ್ಚುಗೆ ಒಂದು ಸಲ ಮರಿ ಹಾಕಿಸಬೇಕಾ, ಇಲ್ಲ ಆಪರೇಷನ್ ಮಾಡಿಸಿಬಿಡಬೇಕಾ? ನಮ್ಮತ್ತೆ ಮರಿಯ ಪಕ್ಷ. ನಾನು ಆಪರೇಷನ್ ಪಕ್ಷ. ನಮ್ಮ ಯಜಮಾನರು "ನೀವಿಬ್ರೂ ಏನಂತೀರೋ ಹಾಗೆ" ಎನ್ನುವ ಪಕ್ಷ.

ಡಾಕ್ಟರ ಯೋಗ್ಯತೆ

ಗಿರಾಕಿಗಳೆಲ್ಲ ಅತ್ತೆಯ ಕಡೆಗೇ ಸೇರಿದರು. ತೋಳಿನ ಅಳತೆ ಕೊಡುತ್ತಾ ಒಬ್ಬರು, "ಒಂದ್ಸಲನಾದ್ರೂ ಮರಿ ಹಾಕಿಸ್ಲಿಲ್ಲ ಅಂದ್ರೆ ಅವಕ್ಕೆ ತಲೆ ಕೆಡುತ್ತಂತೆ ಆಂಟಿ" ಅಂದರು. ಹೀಗಂದವರಿಗೆ ಅವಳಿ ಗಂಡು ಮಕ್ಕಳು. ಯಾರ ತಲೆ ಕೆಟ್ಟಿದೆ ಎಂದು ಬೀದಿಗೆಲ್ಲ ಗೊತ್ತು, ನಾನು ತೋಳಿನ ಅಳತೆ ಬರೆದುಕೊಂಡೆ.

ಕೊನೆಗೆ ನಾಯಿ ಡಾಕ್ಟರನ್ನೇ ಕೇಳೋಣ ಎಂದು ಅತ್ತೆಯನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಮಾತು ಚುರುಕು.

"ಮರಿ ಹಾಕಿಸ್ಲೇಬೇಕು ಅಂತ ಏನಿಲ್ಲ ಅಜ್ಜಿ. ಆರೇಳು ಮರಿ ಆಗ್ಬಹುದು. ಮಿಕ್ಸ್ ಬ್ರೀಡ್ ಮರೀನ ಕೇಳೋವಾಗ ಎಲ್ರೂ ಕೇಳ್ತಾರೆ, ತಗೊಂಡು ಹೋಗೋಕೆ ಯಾರೂ ಬರಲ್ಲ. ಮೊದ್ಲು ಮನೆ ಹುಡುಕಿ, ಆಮೇಲೆ ಗಂಡು ಹುಡುಕಿ. ಇಲ್ಲಾಂದ್ರೆ ಆಪರೇಷನ್ನೇ ಒಳ್ಳೇದು. ಅಂದ ಹಾಗೆ ಇವಳು ಹೀಟಿಗೆ ಬಂದಿದ್ಳಾ?"

"ಬಂದಿದ್ಳು, ಬಂದಿದ್ಳು" ಎಂದು ಅತ್ತೆ ಸೂಲಗಿತ್ತಿಯ ಗತ್ತಿನಲ್ಲಿ ಹೇಳಿದರು. ಆಮೇಲೆ ಡಾಕ್ಟರನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನಿಂಗೆ ಮದುವೆ ಆಗಿದ್ಯೇನಮ್ಮ?" ಎಂದು ಕೇಳಿದರು.

"ಇಲ್ಲ ಅಜ್ಜಿ."

ಅತ್ತೆ ಎದ್ದು ನಿಂತರು. "ನಡಿಯೇ, ಬೇರೆ ಡಾಕ್ಟರ ಹತ್ರ ಹೋಗೋಣ."

ಗಂಡಿನ ಮನೆ

ಬಸವೇಶ್ವರನಗರದಲ್ಲಿ ಒಬ್ಬ ರಿಟೈರ್ಡ್ ಎಂಜಿನಿಯರ ಮನೆಯಲ್ಲಿ ಒಂದು ಗಂಡು ಲ್ಯಾಬ್ರಡಾರ್ ಇದೆ ಎಂಬ ಸುದ್ದಿಯನ್ನು ಅತ್ತೆಯೇ ಎಲ್ಲಿಂದಲೋ ತಂದರು. ಸುಮ್ಮನೆ ನೋಡಿಕೊಂಡು ಬರೋಣ ಎಂದು ಹೊರಟರೆ, ಬರಿಗೈಯಲ್ಲಿ ಹೋಗಬಾರದು ಎಂದು ಒಂದು ಚಿಪ್ಪು ಬಾಳೆಹಣ್ಣು, ಎರಡು ಮೊಳ ಮಲ್ಲಿಗೆ ಹಿಡಿದುಕೊಂಡರು. ಕುಚ್ಚುಗೆ ಬೆಳಿಗ್ಗೆಯೇ ಸೀಗೆಕಾಯಿ ಸ್ನಾನ ಆಗಿತ್ತು.

ಎಂಜಿನಿಯರು ಸೋಫಾದ ಮೇಲೆ ನೆಟ್ಟಗೆ ಕೂತು, "ನಮ್ಮದು ಪ್ಯೂರ್ ಲ್ಯಾಬ್. ನಿಮ್ಮ ಹುಡುಗಿ ಕಡೆ ಹೇಗೆ?" ಎಂದು ಕೇಳಿದರು.

"ತಾಯಿ ಕಡೆ ಪಾಮೇರಿಯನ್ನು" ಎಂದರು ಅತ್ತೆ. ಒಂದು ಕ್ಷಣ ಯೋಚಿಸಿ, "ತಂದೆ ಕಡೆಯೋರು ಮಲ್ಲತ್ತಹಳ್ಳಿ ಕೆರೆ ಏರಿಯಾದಲ್ಲಿ ದೊಡ್ಡ ಸಂಸಾರ. ಅಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ" ಎಂದು ಸೇರಿಸಿದರು.

ಅಡುಗೆಮನೆಯಿಂದ ಎಂಜಿನಿಯರ ಹೆಂಡತಿ, "ನಮ್ಮದೂ ಪ್ಯೂರ್ ಏನಲ್ಲ ಅಮ್ಮ. ಇವ್ರು ಹಾಗೆ ಅನ್ಕೊಂಡಿದಾರೆ ಅಷ್ಟೇ" ಎಂದು ಕೂಗಿದರು. ಎಂಜಿನಿಯರು ಕೆಮ್ಮಿದರು.

ಆಮೇಲೆ ಗಂಡನ್ನು ಕರೆದರು. ಕರುವಿನಷ್ಟು ಎತ್ತರ, ಬಣ್ಣ ಬಂಗಾರ, ನಡಿಗೆ ಗಂಭೀರ. ನನಗೇ ಒಂದು ಕ್ಷಣ ಮನಸ್ಸು ಮೆತ್ತಗಾಯಿತು, ಇಂಥ ಎರಡು ಮರಿ ಮನೆ ತುಂಬ ಓಡಾಡಿದರೆ ಎಷ್ಟು ಚಂದ ಅನ್ನಿಸಿತು. ಆದರೆ ಅವನು ಕುಚ್ಚುವನ್ನು ನೋಡಿದ್ದೇ ತಡ, ಬಂದ ಕಾಲಲ್ಲೇ ತಿರುಗಿ ದಿವಾನದ ಕೆಳಗೆ ನುಸುಳಿಬಿಟ್ಟ. ಕುಚ್ಚು ಅವನ ಕಡೆ ತಿರುಗಿಯೂ ನೋಡದೆ ನೇರ ಅವನ ತಟ್ಟೆಗೆ ಹೋಗಿ ಅವನ ಮೊಸರನ್ನವನ್ನು ಪೂರ್ತಿ ಮುಗಿಸಿ, ತಟ್ಟೆಯನ್ನೂ ನೆಕ್ಕಿ ಇಟ್ಟಳು.

"ಹುಡುಗನಿಗೆ ಒಪ್ಪಿಗೆ ಇದ್ದಂಗೆ ಕಾಣಲ್ಲ" ಎಂದರು ಎಂಜಿನಿಯರು.

ಅತ್ತೆ ಒಂದಿಷ್ಟೂ ಅಳುಕಲಿಲ್ಲ. "ಅಯ್ಯೋ ಬಿಡಿ ಸ್ವಾಮಿ. ನಮ್ಮನೆಯೋರೂ ನನ್ನ ನೋಡೋಕೆ ಬಂದಾಗ ಕಂಬದ ಹಿಂದೆ ನಿಂತಿದ್ರು. ಎಳ್ಕೊಂಡು ಬಂದು ಮದುವೆ ಮಾಡಿಸ್ಲಿಲ್ವಾ!"

ಬುಕಿಂಗ್

ಗಂಡು ದಿವಾನದ ಕೆಳಗಿದ್ದರೂ ಮರಿಗಳಿಗೆ ಬೇಡಿಕೆ ಮಾತ್ರ ಜೋರಾಯಿತು. ಅತ್ತೆ ಬೀದಿಗೆಲ್ಲ ಸಾರಿಬಿಟ್ಟಿದ್ದರು. ಬಂದವರೆಲ್ಲ "ಒಂದು ಮರಿ ನಮಗಿರ್ಲಿ ಆಂಟಿ" ಅನ್ನುವವರೇ. ನಾನು ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಳ್ಳತೊಡಗಿದೆ.

ಒಬ್ಬರಿಗೆ ಗಂಡು ಮರಿ ಬೇಕು, ಬಿಳಿ ಬಣ್ಣ. ಒಬ್ಬರಿಗೆ ಬೊಗಳದೇ ಇರುವಂಥದ್ದು. ಒಬ್ಬರಿಗೆ ಕೂದಲು ಉದುರಬಾರದು. ಮೂಲೆ ಮನೆಯವರಿಗೆ ಮರಿ ಯಾವಾಗಲೂ ಮರಿಯಾಗಿಯೇ ಇರಬೇಕು, ದೊಡ್ಡದಾದರೆ ಬೇಡ. ಇವೆಲ್ಲ ಬರೆದು ಮುಗಿಸಿ ಓದಿದಾಗ ಇವರು ಕೇಳುತ್ತಿರುವುದು ನಾಯಿಯಲ್ಲ, ಶೋಕೇಸಿನ ಬೊಂಬೆ ಎಂದು ನನಗೆ ಖಾತ್ರಿಯಾಯಿತು.

"ನೋಡ್ದ್ಯಾ, ಆ ಡಾಕ್ಟ್ರು ಮನೆ ಹುಡುಕಿ ಅಂದ್ಳಲ್ಲ. ಒಂಬತ್ತು ಮನೆ ಸಿಕ್ತು" ಎಂದು ಅತ್ತೆ ಬೀಗಿದರು.

"ಇರೋದು ಒಂಬತ್ತು ಮನೆ. ಎಂಟು ಜನಕ್ಕೆ ಗಂಡೇ ಬೇಕಂತೆ. ಹೆಣ್ಣು ಹುಟ್ಟಿದ್ರೆ ಏನು ಮಾಡ್ತೀರಾ ಅತ್ತೆ?"

"ಆಲ್ಟರ್ ಮಾಡೋಕೆ ನೀನಿದೀಯಲ್ಲ" ಅಂದರು.

ಅಳತೆಗೆ ನಾಯಿ

ನನ್ನ ಹತ್ತಿರ ಒಂದು ನಿಯಮ ಇದೆ. ಹೊಸ ಗಿರಾಕಿ ಯಾರೇ ಬರಲಿ, ಸರಿಯಾಗಿ ಕೂರುವ ಹಳೇ ಬ್ಲೌಸ್ ಒಂದನ್ನು ಅಳತೆಗೆ ಕೊಡಲೇಬೇಕು. ಬಾಯಿಮಾತಿನ ಅಳತೆ ನಂಬಿದರೆ ಬಟ್ಟೆ ಹಾಳು. ಅದನ್ನೇ ಇಲ್ಲೂ ಯಾಕೆ ಮಾಡಬಾರದು ಅನ್ನಿಸಿತು. ಬುಕ್ ಮಾಡಿದವರಿಗೆಲ್ಲ ಹೇಳಿದೆ: "ಮರಿ ಬೇಕಾದೋರು ಮೊದ್ಲು ಕುಚ್ಚೂನ ಒಂದು ದಿನ ಇಟ್ಕೊಂಡು ನೋಡಿ. ಸರಿಹೋದ್ರೆ ಮರಿ ಗ್ಯಾರಂಟಿ." ಅಳತೆಗೆ ಬಟ್ಟೆ ಕೇಳಿದಷ್ಟೇ ಸಹಜವಾಗಿ ಕೇಳಿದ್ದರಿಂದ ಯಾರಿಗೂ ಇಲ್ಲ ಅನ್ನುವುದಕ್ಕೆ ಆಗಲಿಲ್ಲ.

ಮಾರೇನಹಳ್ಳಿಯ ಟೀಚರು ಬೆಳಿಗ್ಗೆ ಎಂಟಕ್ಕೆ ಕರೆದುಕೊಂಡು ಹೋದವರು ಹತ್ತೂವರೆಗೆ ವಾಪಸ್ ತಂದರು. ಒಂದು ಕೈಯಲ್ಲಿ ಕುಚ್ಚುವಿನ ಬೆಲ್ಟು, ಇನ್ನೊಂದು ಕೈಯಲ್ಲಿ ಒಂದೇ ಒಂದು ಹೊಸ ಚಪ್ಪಲಿ. "ಇನ್ನೊಂದು ಕಾಲಿನದು ಎಲ್ಲಿ ಟೀಚರ್?" ಅಂದೆ. "ಅವಳ ಹೊಟ್ಟೇಲಿ" ಅಂದರು.

ಬೊಗಳದ ನಾಯಿ ಬೇಕು ಎಂದಿದ್ದವರ ಮನೆಯಲ್ಲಿ ಕುಚ್ಚು ಇಡೀ ದಿನ ಬೊಗಳಲಿಲ್ಲ. ಬೆಳಗಿನ ವಾಕಿಂಗಿನ ಹೆಂಗಸರು ಕಾಂಪೌಂಡಿಗೆ ಕೈ ಹಾಕಿ ದಾಸವಾಳ, ಕಣಗಿಲೆ ಎಲ್ಲ ಕಿತ್ತು ಚೀಲ ತುಂಬಿಕೊಂಡಾಗಲೂ ಬೊಗಳಲಿಲ್ಲ. ಬಾಲ ಅಲ್ಲಾಡಿಸುತ್ತಾ ಗಿಡದಿಂದ ಗಿಡಕ್ಕೆ ಅವರ ಜೊತೆಗೇ ಓಡಾಡಿದಳಂತೆ. "ಹೂ ಎಲ್ಲಿ ಜಾಸ್ತಿ ಇದೆ ಅಂತ ಇವಳೇ ತೋರಿಸ್ತಾ ಇದ್ಳು ಕಣ್ರೀ!" ಎಂದು ಆ ಮನೆಯಾಕೆ ಕೂಗಾಡಿ, ಪುಸ್ತಕದಲ್ಲಿ ತಮ್ಮ ಹೆಸರು ಹೊಡೆದುಹಾಕಿಸಿದರು.

ನಿಜವಾಗಿ ಅವಳನ್ನು ಪ್ರೀತಿಯಿಂದ ನೋಡಿಕೊಂಡವರು ಬಾಪೂಜಿ ನಗರದಲ್ಲಿ ರೂಮು ಮಾಡಿಕೊಂಡಿದ್ದ ವಿಜಯಪುರ ಕಡೆಯ ಮೂವರು ಡೆಲಿವರಿ ಹುಡುಗರು. ನಮ್ಮ ಮನೆಗೆ ಪಾರ್ಸಲ್ ತಂದಾಗಲೆಲ್ಲ ಅವಳನ್ನು ಮುದ್ದಾಡಿಯೇ ಹೋಗುತ್ತಿದ್ದರು. ರೊಟ್ಟಿ ತಿನ್ನಿಸಿದರು, ಪಾಳಿ ಹಾಕಿಕೊಂಡು ತಿರುಗಾಡಿಸಿದರು. ನನಗೂ ಖುಷಿಯಾಯಿತು, ಒಂದು ಮರಿಗಾದರೂ ಮನೆ ಸಿಕ್ಕಿತು ಎಂದುಕೊಂಡೆ. ಮಾರನೇ ದಿನ ಮೂವರೂ ಮುಖ ಇಳಿಸಿಕೊಂಡು ಬಂದು ನಿಂತರು.

"ಅಕ್ಕಾರ, ಮರಿ ಬ್ಯಾಡ್ರಿ. ಮನಿ ಮಾಲಕರು ನೋಡಿಬಿಟ್ರು."

"ನಾಯಿ ಇಟ್ಕೋಬಾರದು ಅಂದ್ರಾ?"

"ಇಲ್ರಿ. ನಾಯಿ ಭಾಳ ಛಲೋ ಐತಿ, ಅದು ಇರ್ಲಿ, ನೀವು ಮೂವರು ಖಾಲಿ ಮಾಡ್ರಿ ಅಂದ್ರು."

ಆಪರೇಷನ್ ದಿನ

ಹದಿನೈದು ದಿನದಲ್ಲಿ ಒಂಬತ್ತು ಹೆಸರಿಗೂ ಗೀಟು ಬಿತ್ತು. ಪುಸ್ತಕವನ್ನು ಅತ್ತೆಯ ಮುಂದೆ ಇಟ್ಟೆ. ಅವರು ಓದಲಿಲ್ಲ. "ಯಾರೂ ಬೇಡ. ಎಷ್ಟು ಹುಟ್ಟುತ್ತೋ ಅಷ್ಟನ್ನೂ ನಾನೇ ಸಾಕ್ತೀನಿ" ಎಂದರು. ಎಪ್ಪತ್ತೆರಡು ವಯಸ್ಸು, ಮಂಡಿ ನೋವು, ಮೆಟ್ಟಿಲು ಇಳಿಯಬೇಕಾದರೆ ಮೂರು ಸಲ ನಿಲ್ಲುತ್ತಾರೆ. ಏಳು ಮರಿಗಳ ಹಿಂದೆ ಓಡುವವರು ಯಾರು ಎಂದು ನನಗೆ ಗೊತ್ತಿತ್ತು. ಮೊದಲ ಸಲ ಅವರಿಗೆ ಎದುರಾಡಿದೆ. "ಇಲ್ಲ ಅತ್ತೆ, ಹುಟ್ಟಿಸಿ ಬೀದಿಗೆ ಬಿಡೋ ಪಾಪ ನನ್ನಿಂದಾಗಲ್ಲ. ಗುರುವಾರ ಆಪರೇಷನ್."

ಅತ್ತೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನನಗೂ ಊಟ ಸೇರಲಿಲ್ಲ. ಮಿಷನ್ ಕೆಳಗೆ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದ್ದ ಕುಚ್ಚುವನ್ನು ನೋಡಿದಾಗಲೆಲ್ಲ, ಇವಳನ್ನು ಕೇಳದೆಯೇ ಇವಳ ಹಣೆಬರಹ ಬರೆಯುತ್ತಿದ್ದೇನಲ್ಲ ಅನ್ನಿಸುತ್ತಿತ್ತು.

ಗುರುವಾರ ನಾನೊಬ್ಬಳೇ ಆಟೋ ಕರೆದರೆ ಅತ್ತೆ ಶಾಲು ಹೊದ್ದು ಮೊದಲೇ ಬಂದು ಒಳಗೆ ಕೂತಿದ್ದರು. "ಹೆಣ್ಮಗು ಆಸ್ಪತ್ರೆಗೆ ಹೋಗುವಾಗ ಮನೆಯ ಹಿರಿಯರು ಜೊತೇಲಿರ್ಬೇಕು" ಎಂದು ಆಟೋದವರಿಗೆ ಹೇಳಿದರು, ನನಗಲ್ಲ.

ಕ್ಲಿನಿಕ್ಕಿನಲ್ಲಿ ಅದೇ ಮದುವೆಯಾಗದ ಡಾಕ್ಟರು. ಹೊಟ್ಟೆಯ ಮೇಲಿನ ಕೂದಲು ಬೋಳಿಸಲು ಕುಚ್ಚುವನ್ನು ಒಳಗೆ ಕರೆದುಕೊಂಡು ಹೋದವರು ಐದೇ ನಿಮಿಷಕ್ಕೆ ನಮ್ಮಿಬ್ಬರನ್ನೂ ಕರೆದರು. "ಆಂಟಿ, ಇಲ್ಲಿ ನೋಡಿ."

ಕೂದಲು ಹೋದ ಜಾಗದಲ್ಲಿ ಒಂದು ಬೆರಳುದ್ದದ ಗೆರೆ. ಒಂದೇ ಸಮನೆ, ನೆಟ್ಟಗೆ. ಮೂವತ್ತು ವರ್ಷ ಸೂಜಿ ಹಿಡಿದವಳಿಗೆ ಅದೇನು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅದು ಹೊಲಿಗೆ. ಡಾಕ್ಟರು ಸ್ಕ್ಯಾನ್ ಮಾಡಿಯೂ ನೋಡಿದರು.

"ಇವಳಿಗೆ ಆಪರೇಷನ್ ಯಾವಾಗ್ಲೋ ಆಗಿಹೋಗಿದೆ. ಮುಂಚೆ ಸಾಕಿದ್ದೋರು ಮಾಡಿಸಿರ್ಬೇಕು. ಅಲ್ಲ ಅಜ್ಜಿ, ಹೀಟಿಗೆ ಬಂದಿದ್ಳು ಅಂದ್ರಲ್ಲ?"

"ಮತ್ತೆ ನಮ್ಮ ಗೇಟಿನ ಮುಂದೆ ದಿನಾ ಐದಾರು ಗಂಡು ನಾಯಿ ಸಾಲಾಗಿ ಬಂದು ನಿಲ್ತಿದ್ವಲ್ಲಮ್ಮ!"

"ಗೇಟಿನ ಹತ್ರ ಏನಾದ್ರೂ ಹಾಕ್ತಾ ಇದ್ರಾ?"

ಅತ್ತೆ ಶಾಲು ಸರಿಮಾಡಿಕೊಂಡರು. "ಮಿಕ್ಕಿದ ಮುದ್ದೆ... ಬಸ್ಸಾರು..."

ವಾಪಸ್ ಬರುವಾಗ ಆಟೋದಲ್ಲಿ ಅತ್ತೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದು ನನಗೆ ಗಾಬರಿಯಾಗಿ, "ಅತ್ತೆ, ಬೇಜಾರು ಮಾಡ್ಕೋಬೇಡಿ" ಎಂದು ಸೆರಗು ಸರಿಸಿದರೆ, ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ನಾನೂ ಹಿಂಗೇ ಮಾಡಿದ್ದೆ ಕಣೇ! ಎರಡನೇ ಹೆರಿಗೆ ಆದ್ಮೇಲೆ ಹೊಟ್ಟೆನೋವು ಅಂತ ಸುಳ್ಳು ಹೇಳಿ, ಆಸ್ಪತ್ರೆಗೆ ಸೇರಿ ಆಪರೇಷನ್ ಮಾಡಿಸ್ಕೊಂಡು ಬಂದುಬಿಟ್ಟೆ. ನಿಮ್ಮ ಮಾವನಿಗೊಬ್ಬರಿಗೇ ಗೊತ್ತಿದ್ದದ್ದು. ನಮ್ಮತ್ತೆಗೆ ಇನ್ನೊಬ್ಬ ಮೊಮ್ಮಗ ಬೇಕಿತ್ತು. ದಿನಾ ಬೆಳಿಗ್ಗೆ ನನ್ನ ಅರಳಿಕಟ್ಟೆ ಸುತ್ತೋಕೆ ಕಳಿಸೋರು. ಹನ್ನೊಂದು ವರ್ಷ ಸುತ್ತಿದೀನಿ!"

"ನಿಜ ಹೇಳಿಬಿಡಬಾರದಿತ್ತಾ ಅತ್ತೆ?"

"ಹೇಳಿದ್ರೆ ಬಿಡ್ತಿದ್ರಾ? ಈ ಒಂದು ವರ್ಷ ನಾನು ನಿನ್ನ ಬಿಟ್ಟೆನಾ?" ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು. ಹೊಟ್ಟೆ ಬೋಳಾದ ಕುಚ್ಚು ನಮ್ಮಿಬ್ಬರ ನಡುವೆ ಆರಾಮಾಗಿ ಕೂತಿದ್ದಳು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಕಿವಿ ಹಿಂದಕ್ಕೇ ಕೊಟ್ಟುಕೊಂಡಿದ್ದ ಆಟೋದವರಿಗೆ ಇನ್ನು ತಡೆಯಲಾಗಲಿಲ್ಲ. ಸಿಗ್ನಲ್ಲಿನಲ್ಲಿ ತಿರುಗಿ, "ಅಜ್ಜಿ, ಕೊನೇವರೆಗೂ ನಿಮ್ಮತ್ತೆಗೆ ಗೊತ್ತಾಗ್ಲೇ ಇಲ್ವಾ?" ಅಂದರು.

ಅತ್ತೆ ಕಣ್ಣೊರೆಸಿಕೊಂಡರು. "ಹಾಸಿಗೆ ಹಿಡಿದಾಗ ಒಂದಿನ ಹತ್ರ ಕರೆದು ಹೇಳಿದ್ರು ಕಣಪ್ಪ. 'ಆಪರೇಷನ್ ವಿಷಯ ನಂಗೆ ಮೊದಲನೇ ವಾರವೇ ಗೊತ್ತಾಗಿತ್ತು ಕಣೇ. ಬೆಳಿಗ್ಗೆ ಒಂದು ಗಂಟೆ ನೀನು ಮನೇಲಿಲ್ದೆ ಇದ್ರೆ ನಾನು ನೆಮ್ಮದಿಯಾಗಿ ಕಾಫಿ ಕುಡೀಬಹುದು ಅಂತ ಸುಮ್ನಿದ್ದೆ' ಅಂದ್ರು."