ದೀಪ್ಲಿ ಮಿಸ್ಸು

ಪುಟ್ಟತಾಯಮ್ಮನ ಸಂಸಾರದೊಳಗೆ ಸವತಿ ಕಾಲಿಟ್ಟದ್ದು ಬಚ್ಚಲುಮನೆಯ ಕಡೆಯಿಂದ. ಬೆಳಿಗ್ಗೆ ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಾಗ, ಗಂಡ ಚಲುವರಾಜು ತಲೆಗೆ ನೀರು ಹುಯ್ದುಕೊಳ್ಳುತ್ತಾ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದದ್ದು ಕಿವಿಗೆ ಬಿತ್ತು. ಒಂದು ಚೊಂಬು ನೀರಿಗೆ, "ಐ ದೀಪ್ಲಿ ಲವ್." ಇನ್ನೊಂದು ಚೊಂಬಿಗೆ, "ಐ ದೀಪ್ಲಿ ಮಿಸ್." ಮುಂದೆ ಇನ್ನೂ ಏನೋ ಅಂದ, ಅದು ಮೂರನೆಯ ಚೊಂಬಿನ ನೀರಿನಲ್ಲಿ ಕೊಚ್ಚಿಕೊಂಡು ಹೋಯಿತು. ಅಷ್ಟು ಹೊತ್ತಿಗೆ ಹೆಂಚಿನ ಮೇಲೆ ರೊಟ್ಟಿ ಕರಿಕಾಗಿತ್ತು. ಅದಕ್ಕೂ ಮೊದಲೇ ಪುಟ್ಟತಾಯಮ್ಮನ ಹೊಟ್ಟೆ ಕರಿಕಾಗಿತ್ತು.

ಅವಳಿಗೆ ಇಂಗ್ಲಿಷ್ ಬಾರದೆಂದು ಯಾರೂ ಹೇಳುವಂತಿಲ್ಲ. 'ಲವ್' ಎಂದರೇನು ಎಂಬುದನ್ನು ಪಾಂಡವಪುರದ ಗೋಡೆಗೋಡೆಗೂ ಅಂಟಿದ ಸಿನಿಮಾ ಪೋಸ್ಟರುಗಳು ಅವಳಿಗೆ ಕಲಿಸಿದ್ದವು. 'ಮಿಸ್ಸು' ಎಂದರೆ ಕಾನ್ವೆಂಟಿನಲ್ಲಿ ಪಾಠ ಹೇಳುವ, ಸೆರಗಿಗೆ ಪಿನ್ನು ಚುಚ್ಚಿ, ವ್ಯಾನಿಟಿ ಬ್ಯಾಗು ನೇತುಹಾಕಿಕೊಂಡು ಟಕಟಕ ನಡೆಯುವ ಹೆಂಗಸು. ಇನ್ನು ದೀಪ್ಲಿ? ದೀಪಾಲಿಯೇ ಇರಬೇಕು. ಮುದ್ದು ಜಾಸ್ತಿಯಾಗಿ ದೀಪ್ಲಿ ಆಗಿದ್ದಾಳೆ! (ತನಗೂ ಐದಕ್ಷರದ ಹೆಸರಿದ್ದರೂ ತಾನು ಮಾತ್ರ ಇಷ್ಟು ವರ್ಷವೂ ಗಂಡನ ಬಾಯಲ್ಲಿ 'ಏನೇ', 'ಲೇ'.)

ಚಲುವರಾಜು ನಾಲೆ ಆಫೀಸಿನ ಗುಮಾಸ್ತ. ತೊಂಬತ್ತಾರನೇ ಇಸವಿಯಲ್ಲಿ ಅಲ್ಲಿಗೆ ಕನ್ನಡ ಬಾರದ ಎಂಜಿನಿಯರೊಬ್ಬರು ವರ್ಗವಾಗಿ ಬಂದರು. ಇವನು ಇಂಗ್ಲಿಷಿನಲ್ಲಿ ಬರೆದ ರಜೆ ಅರ್ಜಿ ಓದಿ ನಕ್ಕರಂತೆ. ನಕ್ಕದ್ದು ಏಕೆಂದು ಇವನಿಗೆ ತಿಳಿಯಲಿಲ್ಲ. ಆ ಅವಮಾನಕ್ಕೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಸಂಜೆ ಇಂಗ್ಲಿಷ್ ಕ್ಲಾಸಿಗೆ ಸೇರಿದ. ಪಾಠ ಹೇಳುವವರು ಯಾರೆಂದು ಪುಟ್ಟತಾಯಮ್ಮ ಅಲ್ಲಿಯವರೆಗೆ ಕೇಳಿರಲಿಲ್ಲ. ಈಗ ರೊಟ್ಟಿ ತಟ್ಟೆಗೆ ಎಸೆದು ಕೇಳಿದಳು.

"ಅಲ್ಲಿ ನಿಮ್ಗೆ ಯೋಳ್ಕೊಡೋದು ಮೇಷ್ಟ್ರೋ, ಮಿಸ್ಸೋ?"

ಚಲುವರಾಜನ ತಲೆಯ ತುಂಬ ಆ ದಿನದ ಪಾಠವೇ ಇತ್ತು. "ಇವತ್ತು ಮಿಸ್ಸು. ನೆನ್ನೆ ಲವ್ ಆಯ್ತು. ಎಲ್ಡೂ ದೀಪ್ಲಿ ಜೊತೆ ಬೋ ಚೆಂದಾಗಿ ಒಂದ್ಕೋತವೆ ಕಣೇ."

"ಒಂದ್ಕೋತವಾ!"

"ಊಂ. ಆದ್ರೆ ದೀಪ್ಲಿ ನಂಗಿನ್ನೂ ಸರಿಯಾಗಿ ಕೈಗೆ ಅತ್ತಿಲ್ಲ. ಇನ್ನೊಂದು ವಾರ ಬೇಕು."

"ಕೈಗೆ ಬೇರೆ ಅತ್ಬೇಕಾ?" ಎಂದು ಪುಟ್ಟತಾಯಮ್ಮ ಅವನ ಮುಂದಿದ್ದ ಚಟ್ನಿಯ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಚಲುವರಾಜು ಬರೀ ರೊಟ್ಟಿ ತಿಂದು ಆಫೀಸಿಗೆ ಹೋದ.

ಪಕ್ಕದ ಮನೆ ಕುಳ್ಳಮ್ಮನಿಗೆ ಹೇಳುವುದೂ ಒಂದೇ, ಮೈಕು ಹಿಡಿದು ಹೇಳುವುದೂ ಒಂದೇ. ಗೊತ್ತಿದ್ದೂ ಪುಟ್ಟತಾಯಮ್ಮ ನಲ್ಲಿಯ ಹತ್ತಿರ ಅವಳ ಮುಂದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸುರಿದಳು.

"ನೋಡಕೆ ಎಂಗವ್ಳಂತೆ? ಬೆಳ್ಳಗವ್ಳಾ?" ಎಂದಳು ಕುಳ್ಳಮ್ಮ.

"ಬೆಳ್ಳಗಿರ್ದೆ ಇಂಗ್ಲಿಷು ಎಲ್ಲಿಂದ ಬಂದದಕ್ಕ?"

"ಸಣ್ಣಗವ್ಳಾ?"

ಆ ಪ್ರಶ್ನೆಗೆ ಪುಟ್ಟತಾಯಮ್ಮ ಕೊಡ ಎತ್ತಿಕೊಂಡು ಹೊರಟೇಬಿಟ್ಟಳು. ಸಣ್ಣಗೇ ಇರುತ್ತಾಳೆ ಮುಂಡೇದು, ಕೆಲಸವಿಲ್ಲ ಬೊಗಸೆಯಿಲ್ಲ. ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡಳು. ಕಂಡಿರದ ದೀಪ್ಲಿಯ ಸೊಂಟ, ಕಂಡಿರದ ದೀಪ್ಲಿಯ ಜಡೆ, ಸೆರಗಿನ ಪಿನ್ನು ಸಮೇತ ಎಲ್ಲದರ ಮೇಲೂ ಹೊಟ್ಟೆಕಿಚ್ಚು ಭಗಭಗ ಉರಿಯಿತು. ತಾನು ಬಿಂಡಿಗನವಿಲೆಯ ಹೆಣ್ಣು. ಕುರಿ ಹಿಂಡಿಗೆ ನುಗ್ಗಿದ ನಾಯಿಯನ್ನು ಒಂಟಿಯಾಗಿ ಅಟ್ಟಿದವಳು. ಒಬ್ಬ ಮಿಸ್ಸಿಗೆ ಗಂಡನನ್ನು ಬಿಟ್ಟುಕೊಟ್ಟಾಳೆಯೇ?

ಅಂದೇ ಸಂಜೆ ಬಸ್ಸು ಹತ್ತಿ ಗಂಜಾಂಗೆ ಹೋದಳು. ಮೊದಲು ನಿಮಿಷಾಂಬೆಗೆ ಕೈಮುಗಿದು, "ತಾಯಿ, ಆ ದೀಪ್ಲಿನ ನನ್ನ ಗಂಡನ ಬಾಯಿಂದ ಕಿತ್ತಾಕವ್ವ" ಎಂದು ಹರಕೆ ಕಟ್ಟಿಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ವಿಚಾರಿಸಿಕೊಂಡು ಆ ಮನೆಯ ಜಗುಲಿ ಏರಿದಳು.

ಜಗುಲಿಯ ಮೇಲೆ ಚಾಪೆ ಹಾಸಿ ಆರೇಳು ಜನ ಗಂಡಸರು ಕೂತಿದ್ದರು. ಅವರ ನಡುವೆ ಚಲುವರಾಜು. ಎದುರಿಗೆ ಬೋಳುತಲೆಯ, ಹಲ್ಲು ಉದುರಿದ, ರಿಟೈರಾದ ದೇವಯ್ಯ ಮೇಷ್ಟ್ರು.

"ಎಲ್ಲವ್ಳೆ ಅವ್ಳು? ಕರೀರಿ ಈಚೆಗೆ!"

"ಯಾರವ್ವಾ?" ಎಂದರು ಮೇಷ್ಟ್ರು.

"ದೀಪ್ಲಿ! ದೀಪ್ಲಿ ಮಿಸ್ಸು! ನನ್ ಗಂಡ ಬಚ್ಲುಮನೇಲಿ ಲವ್ ಮಾಡ್ತಾವ್ರಲ್ಲ, ಅವ್ಳು!"

ಚಾಪೆಯ ಮೇಲಿದ್ದವರೆಲ್ಲ ಚಲುವರಾಜನ ಮುಖ ನೋಡಿದರು. ಚಲುವರಾಜು ಚಾಪೆ ನೋಡಿದ. ದೇವಯ್ಯ ಮೇಷ್ಟ್ರಿಗೆ ಅರ್ಥವಾಗಲು ಅರೆಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವರು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. "ಲೋ ಚಲುವರಾಜು, ಡೀಪು ಅನ್ಲಾ ಅಂದ್ರೆ ದೀಪ ಅಂತೀಯ. ಆ ದೀಪ ನಿನ್ ಮನೆಗೇ ಬೆಂಕಿ ಅಚ್ತು ನೋಡು. ಕುಂತ್ಕೊ ತಾಯಿ. ಒಂದು ಮಾತು ಯೋಳು. ಸಾವಿನ ಮನೇಲಿ ಜನ ಎಂಗೆ ಅಳ್ತಾರೆ?"

"ಗೊಳೋ ಅಂತ."

"ಗೊಳೋ ಅಂತ ನಗ್ತಾರಾ?"

"ಅದ್ಯಾರ್ ನಗ್ತಾರೆ? ನಗೋದು ಕಿಸಕ್ಕಂತ."

"ದುರುಗುಟ್ಕೊಂಡು ಏನ್ ಮಾಡ್ತಾರೆ?"

"ನೋಡ್ತಾರೆ" ಎಂದಳು ಪುಟ್ಟತಾಯಮ್ಮ, ಗಂಡನನ್ನು ಹಾಗೆಯೇ ನೋಡುತ್ತಾ.

"ದುರುಗುಟ್ಕೊಂಡು ಉಣ್ತಾರಾ?"

"ಇವತ್ತು ಇವ್ರು ಮನೇಗ್ ಬರ್ಲಿ, ಅಂಗೇ ಉಣ್ತಾರೆ."

"ಭೇಷ್! ಇಂಗ್ಲಿಷಲ್ಲೂ ಅಂಗೇಯ ಕಣವ್ವ. ಒಂದೊಂದು ಕೆಲ್ಸದ ಮಾತಿಗೂ ಅದರದರ ಜೋಡಿ. ನಿನ್ ಗಂಡ ರಜೆ ಅರ್ಜೀಲಿ 'ಹೈಲಿ ರಿಗ್ರೆಟ್', ಅಂದ್ರೆ ಎತ್ತರವಾಗಿ ವಿಷಾದಿಸ್ತೀನಿ ಅಂತ ಬರ್ದಿದ್ದ, ಅದ್ಕೇ ಸಾಹೇಬ್ರು ನಕ್ಕಿದ್ದು. ವಿಷಾದ, ಪ್ರೀತಿ ಎಲ್ಲ ಅಲ್ಲಿ ಆಳಕ್ಕೆ ಇಳೀತವೆ. ಡೀಪ್ಲಿ ಅಂದ್ರೆ ಆಳವಾಗಿ. ಮಿಸ್ ಅಂದ್ರೆ ಇಲ್ಲಿ ಟೀಚರಲ್ಲ, ದೂರ ಇರೋರ್ನ ನೆನೆಸ್ಕೊಂಡು ಪರಿತಪಿಸೋದು. ನಾಚ್ಕೊಂಡು ನಕ್ರೆ ಶೈಲಿ ಸ್ಮೈಲು. ಕಡೇಲಿ 'ಲಿ' ಬಂತಾ, 'ಆಗಿ' ಅಂತ ತಿಳ್ಕೊ. ಅಷ್ಟೇ."

"ಅದ್ಸರಿ, ಯಾರ್ನ ನೆನೆಸ್ಕೊಂಡು ಪರಿತಪಿಸ್ತಿದ್ರು ಇವ್ರು?"

ಚಲುವರಾಜು ಎಲ್ಲರೆದುರು ಎದ್ದು ನಿಂತು ವಾಕ್ಯ ಪೂರ್ತಿ ಒಪ್ಪಿಸಿದ. "ಐ ಡೀಪ್ಲಿ ಮಿಸ್ ಮೈ ವೈಫ್. ನೀನು ಓದ್ ತಿಂಗ್ಳು ತೌರಿಗೆ ಓಗಿದ್ಯಲ್ಲ, ಅದ್ನ ನೆನೆಸ್ಕೊಂಡು ಮಾಡಿದ್ದು ಕಣೇ."

ಮೂರನೆಯ ಚೊಂಬಿನ ನೀರಿನಲ್ಲಿ ಕೊಚ್ಚಿಹೋಗಿದ್ದವಳು ತಾನೇ! ಪುಟ್ಟತಾಯಮ್ಮನ ಮುಖ ಕೆಂಪಾಯಿತು. ಸೊಂಟದ ಸೆರಗು ಬಿಚ್ಚಿ ತಲೆ ಮೇಲೆ ಹೊದ್ದು, ಜಗುಲಿ ಇಳಿದು ಸೀದಾ ಬಸ್ಸು ಹತ್ತಿದಳು.

ಮರುದಿನ ನಲ್ಲಿಯ ಹತ್ತಿರ ಕುಳ್ಳಮ್ಮನಿಗೆ ತಿದ್ದಿ ಹೇಳಿದಳು. "ದೀಪ್ಲಿ ಅಂದ್ರೆ ಹೆಣ್ಣಲ್ಲ ಕಣಕ್ಕ. ಆಳವಾಗಿ ಅಂತ."

ಕುಳ್ಳಮ್ಮ ಹಣೆ ಚಚ್ಚಿಕೊಂಡಳು. "ಆಳವಾಗಿ? ಅಯ್ಯೋ ಶಿವನೇ, ಅಷ್ಟು ಆಳಕ್ಕೆ ಓಗ್ಬುಟ್ನಾ ನಿನ್ ಗಂಡ!"

ಇಂಥ ಅನಕ್ಷರಸ್ಥರ ನಡುವೆ ಬದುಕಬೇಕಲ್ಲ ಎಂದು ಪುಟ್ಟತಾಯಮ್ಮ ನಿಟ್ಟುಸಿರಿಟ್ಟಳು. ಒಂದೇ ಪಾಠಕ್ಕೆ ಅವಳು ಮಹಾಪಂಡಿತೆಯಾಗಿಬಿಟ್ಟಿದ್ದಳು. ಕೆಲವು ದಿನಗಳ ಮೇಲೆ ಚಲುವರಾಜು ಮೊದಲ ತುತ್ತು ಬಾಯಿಗಿಡುತ್ತಾ, "ಮೇಷ್ಟ್ರಿಗೆ ಮಂಡಿ ನೋವು. ಈಗ ಪಾಠಕ್ಕೆ ಶೈಲಿ ಬಂದದೆ" ಎಂದಾಗ ಅವಳ ಕೈಯಲ್ಲಿದ್ದ ಸೌಟು ಅಲುಗಲೂ ಇಲ್ಲ.

(ನಮ್ಮ ಕಡೆ ಪ್ರಾಯದ ಹುಡುಗಿ ಬಂದರೂ 'ಬಂದದೆ', ಪಾಠ ಬಂದರೂ 'ಬಂದದೆ'. ತಪ್ಪು ಯಾರದೂ ಅಲ್ಲ, ವ್ಯಾಕರಣದ್ದು.)

"ಗೊತ್ತು ಬುಡಿ. ಚೆಂದಾಗದಾ?"

ಚಲುವರಾಜು ತಡಬಡಾಯಿಸಿದ. "ಚೆಂದಾಗೇ ಅದೆ. ನಿಂಗೇನೂ ಬೇಜಾರಿಲ್ವಾ?"

"ನಂಗ್ಯಾಕೆ ಬೇಜಾರು? ಬಂದಿದ್ದನ್ನ ಬುಡಬ್ಯಾಡಿ, ಗಟ್ಟಿಯಾಗಿ ಇಡ್ಕಳಿ!"

ಇಷ್ಟು ದೊಡ್ಡ ಮನಸ್ಸಿನ ಹೆಂಡತಿಯನ್ನು ಚಲುವರಾಜು ಕನಸಿನಲ್ಲೂ ಕಂಡಿರಲಿಲ್ಲ. ಅವಳೇ ಅವನ ಷರಟಿಗೆ ಇಸ್ತ್ರಿ ಹಾಕಿದಳು. ಕ್ಲಾಸಿಗೆಂದು ಡಬ್ಬಿ ತುಂಬ ಕೋಡುಬಳೆ ಕರಿದು ಕಳಿಸಿದಳು. ಕುಳ್ಳಮ್ಮ ಓಡಿಬಂದು, "ಅಮ್ಮೀ, ನಿನ್ ಗಂಡನ ಕ್ಲಾಸಲ್ಲಿ ಶೈಲಿ ಅಂತ ಯಾವಳೋ ಅವ್ಳಂತೆ, ನಗ್ತಾ ನಗ್ತಾ ಪಾಠ ಯೋಳ್ತಾಳಂತೆ" ಎಂದರೆ, ಪುಟ್ಟತಾಯಮ್ಮ ಕರುಣೆಯಿಂದ ಅವಳ ಭುಜ ತಟ್ಟಿದಳು. "ಅಕ್ಕಾ, ಶೈಲಿ ಅಂದ್ರೆ ನಾಚ್ಕೊಂಡು. ನಗೋದರ ಜೋಡಿ ಅದು. ಕಲೀದೋರಿಗೆ ಎಷ್ಟು ಯೋಳಿದ್ರೂ ಅಷ್ಟೇಯ."

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹೊಸ್ತಿಲಾಚೆ ಒಂದು ಹುಡುಗಿ. ಬೆಳ್ಳಗೆ, ಸಣ್ಣಗೆ, ಸೆರಗಿಗೆ ಪಿನ್ನು, ಹೆಗಲಿಗೆ ವ್ಯಾನಿಟಿ ಬ್ಯಾಗು. ಪುಟ್ಟತಾಯಮ್ಮ ಕನ್ನಡಿಯ ಮುಂದೆ ನಿಂತು ಕಲ್ಪಿಸಿಕೊಂಡಿದ್ದ ದೀಪ್ಲಿಯೇ ನಡೆದುಬಂದಂತೆ. ಕೈಯಲ್ಲಿ ಕೋಡುಬಳೆಯ ಡಬ್ಬಿ.

"ಪುಟ್ಟತಾಯಮ್ಮಕ್ಕ ನೀವೇ ಅಲ್ವಾ? ನಾನು ಶೈಲಿ, ದೇವಯ್ಯ ಮೇಷ್ಟ್ರ ಮೊಮ್ಮಗಳು. ಇಲ್ಲೇ ದೊಡ್ಡಮ್ಮನ ಮನೆಗೆ ಬಂದಿದ್ದೆ. ಕೋಡುಬಳೆ ಬಹಳ ಚೆನ್ನಾಗಿತ್ತು. ಮೈಸೂರಲ್ಲಿ ಕೆಲಸ ಸಿಕ್ಕಿತ್ತು, ಹೊರಟುಬಿಡೋಣ ಅಂತಿದ್ದೆ. 'ನಮ್ಮನೆಯವಳು ಶೈಲಿನ ಬುಡಬ್ಯಾಡಿ ಅಂತ ಯೋಳವ್ಳೆ' ಅಂತ ನಿಮ್ಮ ಯಜಮಾನ್ರು ಅಂದ್ರು. ನೋಡದೇನೇ ಇಷ್ಟು ಅಭಿಮಾನ ಇಟ್ಟಿದೀರಲ್ಲ ಅಂತ ಇಲ್ಲೇ ಉಳ್ಕೊಂಡೆ ಅಕ್ಕ" ಎಂದು ತಲೆ ತಗ್ಗಿಸಿ ನಕ್ಕಳು.

ಯಾವ ಜೋಡಿ ಹಾಕಿ ಅಳಬೇಕೆಂದು ಪುಟ್ಟತಾಯಮ್ಮನಿಗೆ ತೋಚಲಿಲ್ಲ. ಗೊಳೋ ಎನ್ನೋಣವೆಂದರೆ ಬಂದವಳು ಎದುರಿಗೇ ಇದ್ದಾಳೆ, ಬಿಕ್ಕೋಣವೆಂದರೆ ಉಸಿರೇ ಇಲ್ಲ. ಅಷ್ಟರಲ್ಲಿ ಪಕ್ಕದ ಗೋಡೆಯ ಮೇಲೆ ಕುಳ್ಳಮ್ಮನ ತಲೆ ಮೂಡಿತು.

"ಪುಟ್ಟತಾಯೀ, ನಿನ್ನ ಬಾಗ್ಲಲ್ಲಿ 'ನಾಚ್ಕೊಂಡು' ಬಂದು ನಿಂತದಲ್ಲ, ಒಳೀಕೆ ಕರ್ಕೊಳಕ್ಕಿಲ್ವಾ?"

ಬಚ್ಚಲುಮನೆಯಲ್ಲಿ ನೀರು ಹುಯ್ದುಕೊಳ್ಳುವ ಸದ್ದು ತಟ್ಟನೆ ನಿಂತುಹೋಯಿತು.