ಪಾಲಯ್ಯನ ಹೆಪ್ಪು

ನಡೆದದ್ದನ್ನೇ ಹೇಳುತ್ತೇನೆ. ನಂಬಿಕೆ ಬಾರದವರು ಜವನಗೊಂಡನಹಳ್ಳಿಗೆ ಹೋಗಿ ಪಾಲಯ್ಯನನ್ನೇ ಕೇಳಿಕೊಳ್ಳಿ, ಅವನು ಊಟಕ್ಕೆ ಕೂತಾಗ ಮಾತ್ರ ಬೇಡ.

ಎಲ್ಲಕ್ಕೂ ಕಾರಣ ಒಂದು ಸಣ್ಣ ಡಬ್ಬಿ. ಆರೋಗ್ಯ ಕೇಂದ್ರದ ಡಾಕ್ಟ್ರಮ್ಮ ಅಂಜಲಿ ಐವತ್ತು ದಾಟಿದವರಿಗೆಲ್ಲ ಒಂದೊಂದು ಹಂಚಿ, "ನಾಳೆ ಬೆಳಿಗ್ಗೆ ಇದರಲ್ಲಿ ಚೂರು ಮಲ ತಗೊಂಡು ಬರ್ರಿ. ಕಣ್ಣಿಗೆ ಕಾಣದ ರಕ್ತ ಇದ್ರೂ ಗೊತ್ತಾಗುತ್ತೆ. ಕರುಳಿನ ಕ್ಯಾನ್ಸರು ಬೇಗ ಸಿಕ್ಕಿದ್ರೆ ವಾಸಿ ಮಾಡಬಹುದು" ಅಂದಿದ್ದರು.

ಕುರಿ ಕಾಯುವ ಪಾಲಯ್ಯನ ಎದೆ ಧಸಕ್ಕೆಂದಿತು. ಬೀದಿಯವರ ಲೆಕ್ಕದಲ್ಲಿ ಅವನದು ಕಲ್ಲು ಅರಗಿಸುವ ಹೊಟ್ಟೆ. ಆದರೆ ಕೆಲವು ದಿನಗಳಿಂದ ಆಗೊಮ್ಮೆ ಈಗೊಮ್ಮೆ ಕಕ್ಕಸಿನಲ್ಲಿ ಕೆಂಪು ಕಾಣುತ್ತಿತ್ತು. ಅದನ್ನು ಮೆಣಸಿನಕಾಯಿ ಚಟ್ನಿಯ ತಲೆಗೆ ಕಟ್ಟಿ ಸುಮ್ಮನಿದ್ದ. ಮನೆಗೆ ಬಂದವನೇ ಡಬ್ಬಿಯನ್ನು ಹೆಂಡತಿ ಮಲ್ಲಕ್ಕನ ಕೈಗೆ ತುರುಕಿದ.

"ಲೇ, ಇದ್ರಾಗೆ ನಿಂದೇ ಹಾಕಿಡು. ಯಾರ ಹತ್ರನೂ ಬಾಯಿ ಬಿಡಬ್ಯಾಡ."

"ಆಗ್ಲಿ ಬಿಡ್ರಿ" ಅಂದಳು ಮಲ್ಲಕ್ಕ.

ಬೆಳಿಗ್ಗೆ ಡಬ್ಬಿ ಸಿದ್ಧ. ಮಲ್ಲಕ್ಕನ ಕೈ ಧಾರಾಳ. ಕಡ್ಡಿ ತುದಿಯಷ್ಟು ಸಾಕಾಗಿದ್ದಲ್ಲಿ ಮುದ್ದೆಯಷ್ಟು ಇಕ್ಕಿದ್ದಳು. ಪಾಲಯ್ಯ ಹೊಸ್ತಿಲು ದಾಟುವಷ್ಟರಲ್ಲಿ ಪಕ್ಕದ ಮನೆಯ ಹನುಮಂತಪ್ಪ ಅಡ್ಡ ಬಂದ.

"ಪಾಲಣ್ಣ, ನಿಂದು ಕಬ್ಬಿಣದ ಮೈ. ನಂಗ್ಯಾಕೋ ಭಯ ಐತೆ. ನಿನ್ನ ಡಬ್ಬಿಯಾಗಿಂದ ಒಂದ್ ಚೂರು ಕೊಡೋ."

ಪಾಲಯ್ಯ ಪೂರಿಯ ಹಾಗೆ ಉಬ್ಬಿದ. ಹಿಂದೆಯೇ ಎದುರುಮನೆ ಹುಚ್ಚಕ್ಕ, ಹಾಲಿಗೆ ಹೆಪ್ಪು ಕೇಳುವವಳ ಹಾಗೆ, ಸೆರಗಿನ ಮರೆಯಿಂದ ಡಬ್ಬಿ ಚಾಚಿದಳು. "ಹಂಗೇ ನಂಗೂ ಒಂಚೂರು ಹಾಕಪ್ಪ, ನಿಂಗೆ ಪುಣ್ಯ ಬರ್ತದೆ."

ಆಮೇಲೆ ಬೀದಿಗೆ ಬೀದಿಯೇ ಬಂತು. "ತಗಳ್ರಿ, ತಗಳ್ರಿ! ಅಪ್ಪಟ ಮಾಲು!" ಎನ್ನುತ್ತ ಪಾಲಯ್ಯ ಎಲ್ಲರ ಡಬ್ಬಿಯಲ್ಲೂ ಕಡ್ಡಿಯಾಡಿಸಿದ.

ಮಧ್ಯಾಹ್ನದ ಹೊತ್ತಿಗೆ ಆರೋಗ್ಯ ಕೇಂದ್ರದಲ್ಲಿ ಡಾಕ್ಟ್ರಮ್ಮನ ಮುಖ ಬಿಳಿಚಿಕೊಂಡಿತ್ತು. "ಒಂದೇ ಬೀದಿ, ಎಲ್ಲರದ್ರಲ್ಲೂ ರಕ್ತ! ಎಲ್ಲರೂ ನಾಳೆನೇ ದುರ್ಗದ ದೊಡ್ಡಾಸ್ಪತ್ರೆಗೆ ಹೊರಡ್ರಿ. ಹಿಂದ್ಗಡೆಯಿಂದ ಕೊಳವೆ ಬಿಟ್ಟು ಕರುಳು ನೋಡ್ಬೇಕು."

ಕೊಳವೆ ಬರುವ ದಾರಿ ಕೇಳಿದ್ದೇ ಹುಚ್ಚಕ್ಕ ಬೊಬ್ಬೆ ಹೊಡೆದಳು. "ಅಯ್ಯೋ ತಾಯಿ, ಅದು ನಮ್ದಲ್ಲ! ಎಲ್ಲಾ ಈ ಪಾಲಣ್ಣಂದು!"

ಎಲ್ಲರ ಕಣ್ಣೂ ಪಾಲಯ್ಯನ ಮೇಲೆ. "ನಂದೂ ಅಲ್ಲ ಡಾಕ್ಟ್ರಮ್ಮ," ಎಂದ, ಕೈ ಮುಗಿದು. "ನಮ್ಮ ಮಲ್ಲಕ್ಕಂದು. ಹೆಂಗಾದ್ರೂ ಮಾಡಿ ಅವಳನ್ನ ಉಳಿಸ್ಕೊಡ್ರಿ!"

ಗಂಡನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಮಲ್ಲಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಂದ್ಯಾಕೆ ಹಾಕ್ಲಿ? ಕಕ್ಕಸು ಕಟ್ಟಿಸಿದಾಗಿಂದ ಒಂದಿನನಾದ್ರೂ ನೀರು ಹಾಕಿ ಎದ್ದು ಬಂದೀರಾ? ನಿಮ್ಮ ಕೆಂಪು ನಂಗೆ ಕಾಣಂಗಿಲ್ವಾ? ಡಬ್ಬಿಯಾಗಿದ್ದಿದ್ದು ನಿಮ್ದೇ!"

ಡಾಕ್ಟ್ರಮ್ಮ ನಗು ತಡೆದುಕೊಂಡು, "ಹೆದರ್ಬ್ಯಾಡ್ರಿ ಪಾಲಯ್ಯ, ಬರೀ ಮೂಲವ್ಯಾಧಿನೂ ಇರಬಹುದು. ಏನಿದ್ರೂ ಬೇಗ ನೋಡಿದಷ್ಟೂ ಒಳ್ಳೇದು. ನೀವೊಬ್ರು ನಾಳೆ ದುರ್ಗಕ್ಕೆ ಹೋಗ್ರಿ. ಉಳಿದೋರು..." ಎಂದು ಹೊಸ ಡಬ್ಬಿಗಳ ಕಟ್ಟು ಬಿಚ್ಚಿದರು. "ಇಲ್ಲೇ ಕಕ್ಕಸು ಐತೆ. ಒಬ್ಬೊಬ್ರೇ ಹೋಗ್ರಿ. ಮಲ್ಲಕ್ಕ ಬಾಗಿಲು ಕಾಯ್ತಾಳೆ."

ಹನುಮಂತಪ್ಪ ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಒಳಗಿನಿಂದಲೇ ಗೋಳಿಟ್ಟ: "ಡಾಕ್ಟ್ರಮ್ಮ, ಎಷ್ಟು ಕರೆದ್ರೂ ಬರವಲ್ದು!"

ಕೊಳವೆಗೆ ಹೋಗಬೇಕಾದ ಪಾಲಯ್ಯ ಮೊದಲು ಮೂಗಿನಲ್ಲಿ ನಕ್ಕ, ಆಮೇಲೆ ಬಾಯಲ್ಲಿ, ಕೊನೆಗೆ ಹೊಟ್ಟೆ ಹಿಡಿದುಕೊಂಡು, ಎಲ್ಲರಿಗಿಂತ ಜೋರಾಗಿ.